ಅತಿಥಿ ಬರುವವರೆಗೆ ಸಾವಧಾನ್

ಕಾಲೇಜಿನ ಕೆಡೆಟ್ ಘಟಕಕ್ಕೆ ನಾನು ಸೇರಿದ್ದು ಸೇನೆಯಲ್ಲಿ ಅಧಿಕಾರಿಯಾಗಬೇಕೆಂಬ ಆಸೆಯಿಂದ. ಮೂರೇ ತಿಂಗಳಲ್ಲಿ ಗೊತ್ತಾಯಿತು, ನಾನು ಆಗಿದ್ದು ಊರಿನ ಎಲ್ಲ ಸಮಾರಂಭಗಳ ಸ್ವಾಗತ ಸಮಿತಿಯ ಸದಸ್ಯೆ.

ನಮ್ಮ ಮನೆ ವೇಣೂರಿನಲ್ಲಿ, ಕಾಲೇಜು ಮೂಡುಬಿದಿರೆಯಲ್ಲಿ. ಪರೇಡ್ ಇದ್ದ ದಿನ ಬೆಳಗಿನ ಮೊದಲ ಬಸ್ಸು ಹಿಡಿಯಬೇಕು. ಅಮ್ಮ ನನ್ನ ಖಾಕಿ ಸಮವಸ್ತ್ರಕ್ಕೆ ಕುಚ್ಚಲಕ್ಕಿಯ ಗಂಜಿತಿಳಿ ಹಾಕುತ್ತಿದ್ದರು. ಬಟ್ಟೆ ರಟ್ಟಿನ ಹಾಗೆ ನಿಲ್ಲುತ್ತಿತ್ತು ನಿಜ, ಆದರೆ ಅಲ್ಲಲ್ಲಿ ಬಿಳಿ ಮಚ್ಚೆ. ಬಸ್ಸಿನಲ್ಲಿ ಕೂತು ಉಗುರಿನಿಂದ ಅದನ್ನು ಕೆರೆಯುವುದೇ ನನ್ನ ಬೆಳಗಿನ ಕೆಲಸ.

ಘಟಕದೊಳಗೆ ವಿದ್ಯಾರ್ಥಿಗಳದ್ದೇ ಎರಡು ತಂಡಗಳಿದ್ದವು. ಒಂದು ಸೇವಾ ಕ್ಲಬ್. ಇನ್ನೊಂದು ಗೌರವ ತಂಡ, ಅಂದರೆ ಅತಿಥಿಗಳಿಗೆ ಸಾಲಾಗಿ ನಿಂತು ಗೌರವ ವಂದನೆ ಕೊಡುವವರು. ಗೌರವ ತಂಡಕ್ಕೆ ಆರಿಸುತ್ತಿದ್ದುದು ಎತ್ತರ ನೋಡಿ. ನಾನು ಉದ್ದ ಇದ್ದೆ, ಹಾಗಾಗಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಘಟಕದ ಉಸ್ತುವಾರಿ ನಮ್ಮ ಕಾಮರ್ಸ್ ಸರ್ ಅವರದ್ದು. ಒಳ್ಳೆಯ ಮನುಷ್ಯ. ಫೋನಿನಲ್ಲಿ ಯಾರಿಗೂ ಇಲ್ಲ ಎನ್ನಲು ಬಾರದ ಮನುಷ್ಯ ಕೂಡ.

"ಆಯ್ತು, ಆಯ್ತು, ಮಕ್ಕಳನ್ನು ಕಳಿಸ್ತೇನೆ. ಯೂನಿಫಾರ್ಮಿನಲ್ಲೇ ಕಳಿಸ್ತೇನೆ" ಎಂದು ಅವರು ಕಾರಿಡಾರಿನಲ್ಲಿ ಹೇಳುವುದು ಕೇಳಿದರೆ ಸಾಕು, ನನಗೆ ರೇಗುತ್ತಿತ್ತು. ಸಂಘದ ಕಟ್ಟಡದ ಉದ್ಘಾಟನೆ, ಫಲಪುಷ್ಪ ಪ್ರದರ್ಶನ, ಒಮ್ಮೆ ಬಂಟ್ವಾಳದಲ್ಲಿ ಒಂದು ಪೀಠೋಪಕರಣದ ಅಂಗಡಿ! ಅಲ್ಲಿ ಸೋಫಾಗಳ ನಡುವೆ ಎರಡು ಸಾಲು ನಿಂತು ಸೆಲ್ಯೂಟ್ ಹೊಡೆದು, ಕಾಗದದ ತಟ್ಟೆಯಲ್ಲಿ ತಣ್ಣಗಿನ ಉಪ್ಪಿಟ್ಟು ತಿಂದು ಬಂದಿದ್ದೇವೆ. ಸೇವಾ ಕ್ಲಬ್ಬಿನವರ ಪಾಡೂ ಅಷ್ಟೇ. ಕುರ್ಚಿ ಹೊರುವುದು, ಕಾರುಗಳನ್ನು ಸಾಲಾಗಿ ನಿಲ್ಲಿಸುವುದು. ಅದಕ್ಕೆ ಸೇವೆ ಎಂದು ಹೆಸರು.

ಎರಡನೇ ವರ್ಷದಲ್ಲಿ ನನ್ನನ್ನು ಗೌರವ ತಂಡದ ಕಮಾಂಡರ್ ಮಾಡಿದರು. ಆಗ ನಾನೂ ಶಿರ್ತಾಡಿಯಿಂದ ಬರುತ್ತಿದ್ದ ನನ್ನ ಗೆಳತಿಯೂ ಸೇರಿ ಒಂದು ಯೋಚನೆ ಮಾಡಿದೆವು. ಇಷ್ಟು ಜನರಿಗೆ ಸೆಲ್ಯೂಟ್ ಹೊಡೆದಿದ್ದೇವೆ, ಒಬ್ಬ ಸೈನಿಕನಿಗೆ ಮಾತ್ರ ಹೊಡೆದಿಲ್ಲ. ನಮ್ಮ ಕಡೆಯ ಒಬ್ಬ ನಿವೃತ್ತ ಸೈನಿಕರನ್ನು ಕರೆದು ಸನ್ಮಾನ ಮಾಡುವ. ಸರ್ ಕೂಡಲೇ ಒಪ್ಪಿದರು. ಅವರು ಎಲ್ಲದಕ್ಕೂ ಒಪ್ಪುತ್ತಿದ್ದರು.

ನೆರಿಯದಲ್ಲಿ ಒಬ್ಬರು ಹವಾಲ್ದಾರರಿದ್ದಾರೆ ಎಂದು ಗೊತ್ತಾಗಿ ನಾವಿಬ್ಬರೂ ಒಂದು ಭಾನುವಾರ ಬಸ್ಸು ಬದಲಿಸುತ್ತ ಅಲ್ಲಿಗೆ ಹೋದೆವು. ಅಜ್ಜ ಅಂಗಳದಲ್ಲಿ ರಬ್ಬರ್ ಶೀಟು ಒಣಹಾಕುತ್ತಿದ್ದರು. ನಮ್ಮ ಮಾತು ಕೇಳಿ ಮುಖ ಸಿಂಡರಿಸಿದರು.

"ನನಗೆ ಎಂತಕ್ಕೆ ಸನ್ಮಾನ? ನಾನು ಯುದ್ಧ ಮಾಡಿದವ ಅಲ್ಲ. ಸ್ಟೋರಿನಲ್ಲಿದ್ದೆ. ಕಂಬಳಿ, ಬೂಟು, ಬೇಳೆ ಲೆಕ್ಕ ನೋಡಿಕೊಂಡು ಇದ್ದವ."

ಅವರ ಹೆಂಡತಿ ಒಳಗಿಂದಲೇ ಹೇಳಿದರು, "ಹೋಗಿ ಬನ್ನಿ. ಆ ಕೋಟಿಗೆ ಸ್ವಲ್ಪ ಬಿಸಿಲಾದರೂ ತಾಗಲಿ. ಪೆಟ್ಟಿಗೆಯಲ್ಲಿ ಇಟ್ಟು ಬೂಷ್ಟು ಹಿಡಿದಿದೆ."

ಅಜ್ಜ ಒಪ್ಪಿದರು. ನಾವು ಮೂರು ವಾರ ಅಭ್ಯಾಸ ಮಾಡಿದೆವು. ಅಷ್ಟು ಮನಸ್ಸಿಟ್ಟು ನಾನು ಹಿಂದೆ ಯಾವತ್ತೂ ಮಾಡಿರಲಿಲ್ಲ. ಬೆಲ್ಟಿನ ಹಿತ್ತಾಳೆ ಬಕ್ಕಲು ಉಜ್ಜಿ ಉಜ್ಜಿ ಕೈಬೆರಳು ಹಸಿರಾಗಿತ್ತು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಇರುವಾಗ ಸರ್ ನನ್ನನ್ನು ಕರೆದರು. "ನೋಡು, ಒಂದು ಸಣ್ಣ ಬದಲಾವಣೆ. ನಮ್ಮ ಮೈದಾನದ ಹೊಸ ಗ್ಯಾಲರಿ ಕಟ್ಟಿಸಿ ಕೊಟ್ಟ ದಾನಿಗಳೂ ಬರ್ತಾರೆ. ಇಬ್ಬರಿಗೂ ಒಟ್ಟಿಗೆ ಮಾಡುವ. ಗೌರವ ವಂದನೆ ಮಾತ್ರ ಅವರೇ ತೆಗೆದುಕೊಳ್ಳಲಿ."

"ಮತ್ತೆ ಹವಾಲ್ದಾರರಿಗೆ?"

"ಅವರಿಗೆ ಶಾಲು, ಹಣ್ಣು ಉಂಟಲ್ಲ?"

ಅವರೆದುರು ತಲೆ ಆಡಿಸಿ ಬಂದೆ. ಹೇಳಿದ್ದೆಲ್ಲ ಬಸ್ಸಿನಲ್ಲಿ, ಕಿಟಕಿಗೆ.

ಆ ದಿನ ಹತ್ತು ಗಂಟೆಗೆ ಕಾರ್ಯಕ್ರಮ. ಅಜ್ಜ ಎಂಟು ಗಂಟೆಗೇ ಬಂದಿದ್ದರು. ಕಡುನೀಲಿ ಕೋಟು, ಎದೆಯಲ್ಲಿ ಸಾಲಾಗಿ ಪದಕ, ಕೈಯಲ್ಲಿ ಒಂದು ಬಟ್ಟೆ ಚೀಲ. ಸ್ವಾಗತಿಸಲು ಯಾರೂ ಇರಲಿಲ್ಲ. ಎಲ್ಲರೂ ದಾನಿಗಳ ಬ್ಯಾನರ್ ಕಟ್ಟುವ ಗಡಿಬಿಡಿಯಲ್ಲಿದ್ದರು. ನಾನೇ ಓಡಿ ಹೋಗಿ ಕುರ್ಚಿ ಕೊಟ್ಟೆ. ಅಭ್ಯಾಸದ ನೆಪದಲ್ಲಿ ಈಗಲೇ ಅವರಿಗೊಮ್ಮೆ ವಂದನೆ ಕೊಟ್ಟುಬಿಡುವ ಎಂದು ನನ್ನ ಮನಸ್ಸಿನಲ್ಲಿತ್ತು. ಕೇಳಿದೆ.

"ಬೇಡ ಮಗಳೇ" ಎಂದರು. "ಹವಾಲ್ದಾರನಿಗೆ ಗೌರವ ವಂದನೆ ಇಲ್ಲ. ನಿಯಮ ಇಲ್ಲ."

"ಬರುವ ದಾನಿಗಳಿಗೂ ಇಲ್ಲವಲ್ಲ ಅಜ್ಜ?"

"ಅದು ನಿಮ್ಮ ಸರ್ ತಲೆನೋವು. ನನ್ನದು ನನಗೆ ಗೊತ್ತುಂಟು."

ಅವರ ಮೇಲೂ ನನಗೆ ಸಿಟ್ಟು ಬಂತು. ಇವರಿಗಾಗಿ ಇಷ್ಟೆಲ್ಲ ಮಾಡಿದರೆ ಇವರದ್ದು ನಿಯಮ!

ಒಂಬತ್ತೂಮುಕ್ಕಾಲಿಗೆ ಸರ್ ನಮ್ಮನ್ನು ಸಾಲು ನಿಲ್ಲಿಸಿದರು. ದಾನಿಗಳು ಹೊರಟಿದ್ದಾರೆ ಎಂದರು. ಹತ್ತೂವರೆಗೆ, ಬಂಟ್ವಾಳ ದಾಟಿದ್ದಾರೆ ಎಂದರು. ಹನ್ನೊಂದಕ್ಕೆ, ಇನ್ನೇನು ಬಂದೇಬಿಟ್ಟರು ಎಂದರು. ಬಿಸಿಲು ಮೈದಾನದ ಕೆಂಪು ಮಣ್ಣಿನಿಂದ ಮೇಲಕ್ಕೆ ಹೊಡೆಯುತ್ತಿತ್ತು. ನಾನು ಸಾಲಿನ ಮುಂದೆ ಒಬ್ಬಳೇ ನಿಂತಿದ್ದೆ. ಪ್ರತಿ ಸಲ ಕಾರಿನ ಸದ್ದು ಕೇಳಿದಾಗ "ಸಾವಧಾನ್" ಎಂದು ಕೂಗುವುದು, ಅದು ಊಟದ ಪಾತ್ರೆ ತಂದ ಟೆಂಪೋ ಎಂದು ಗೊತ್ತಾದಾಗ "ವಿಶ್ರಾಮ್" ಎನ್ನುವುದು.

ಅಜ್ಜ ಕುರ್ಚಿಯಿಂದ ಎದ್ದು ಬಂದರು. ಸಾಲಿನ ಮುಂದೆ ನಿಧಾನಕ್ಕೆ ನಡೆದು ನನ್ನ ಪಕ್ಕ ನಿಂತು ಸಣ್ಣ ದನಿಯಲ್ಲಿ ಹೇಳಿದರು, "ಎಡದಿಂದ ಮೂರನೆಯವಳ ಮುಖ ನೋಡು. ಬಿಳಿಚಿದೆ. ತಿಂಡಿ ತಿಂದಿದ್ದಾಳಾ?"

ಅವಳು ನನ್ನ ಗೆಳತಿ. ತಿಂದಿರಲಿಲ್ಲ. ಬಸ್ಸು ತಪ್ಪುತ್ತದೆಂದು ಹಾಗೇ ಓಡಿ ಬಂದಿದ್ದಳು. ನನಗೆ ಗೊತ್ತಿತ್ತು.

"ಕೂರಿಸು ಅವಳನ್ನು."

"ಸರ್ ಹೇಳದೆ ಕೂರಿಸಲಿಕ್ಕೆ ಆಗುವುದಿಲ್ಲ ಅಜ್ಜ. ಈಗ ಬರ್ತಾರೆ."

ಅಜ್ಜ ನನ್ನ ಮುಖ ನೋಡಿದರು. ನೀರು ತರಲು ಹೋದರು. ಅವರು ಚೊಂಬು ಹಿಡಿದು ವಾಪಸು ಬರುವಷ್ಟರಲ್ಲಿ ನನ್ನ ಗೆಳತಿ ಬಿದ್ದಿದ್ದಳು. ಮೊಣಕಾಲು ಮಡಚಲಿಲ್ಲ, ಕೈ ಊರಲಿಲ್ಲ. ನೆಟ್ಟಗೆ ನಿಂತವಳು ನೆಟ್ಟಗೆ ಮುಂದಕ್ಕೆ ಬಿದ್ದಳು. ಗಲ್ಲ ಕಲ್ಲಿಗೆ ತಾಗಿ ಸೀಳಿತು.

ಮೊದಲು ಓಡಿದ್ದು ಆ ಎಪ್ಪತ್ತು ದಾಟಿದ ಅಜ್ಜ. ಪದಕದ ಕೋಟಿನಲ್ಲೇ ಮಣ್ಣಿಗೆ ಮೊಣಕಾಲೂರಿ, ಅವಳನ್ನು ಮಗ್ಗುಲಿಗೆ ತಿರುಗಿಸಿ, ಬಟ್ಟೆ ಚೀಲವನ್ನೇ ಮಡಚಿ ಗಲ್ಲಕ್ಕೆ ಒತ್ತಿ ಹಿಡಿದರು. "ಅವಳ ಬೆಲ್ಟು ಬಿಚ್ಚು, ಬೂಟು ಬಿಚ್ಚು. ಬೇರೆಯವರೆಲ್ಲ ನೆರಳಿಗೆ ಹೋಗಿ!" ಸಾಲಿನಲ್ಲಿದ್ದವರು ನನ್ನ ಅಪ್ಪಣೆಗೆ ಕಾಯದೆ ನೆರಳಿಗೆ ಹೋದರು. ಕಾಲೇಜಿನ ಜೀಪು ಬಂತು. ಅಜ್ಜ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರಲ್ಲೇ ಆಸ್ಪತ್ರೆಗೆ ಹೋದರು.

ಜೀಪು ಗೇಟು ದಾಟುವಾಗ ಎದುರಿನಿಂದ ದಾನಿಗಳ ಕಾರು ಒಳಗೆ ಬಂತು.

"ಬೇಗ, ಬೇಗ, ಸಾಲು ಮಾಡು!" ಸರ್ ಓಡಿ ಬಂದರು. "ಆ ಜಾಗಕ್ಕೆ ಪಕ್ಕದವರು ಸರಿಯಲಿ. ಖಾಲಿ ಕಾಣಬಾರದು."

ಸರಿದರು. ಗೌರವ ತಂಡ ಸಿದ್ಧವಿದೆ ಎಂದು ನಾನು ವರದಿ ಒಪ್ಪಿಸಿದೆ. ದಾನಿಗಳು ಬಿಳಿ ಅಂಗಿ, ಬಿಳಿ ಪಂಚೆ ಉಟ್ಟ ದಪ್ಪ ಮನುಷ್ಯ. ಸಾಲನ್ನು ಪರಿವೀಕ್ಷಿಸಲು ನನ್ನ ಜೊತೆ ಹೊರಟರು. ನಾಲ್ಕು ಹೆಜ್ಜೆ ಇಟ್ಟಿರಬೇಕು, ಫೋನು ಬಂತು. ಎತ್ತಿದರು. ಹೋಟೆಲಿನ ಗ್ಯಾಸಿನ ವಿಷಯ. ಮಾತಾಡುತ್ತಲೇ ನಡೆದರು. ಎರಡು ಗಂಟೆ ಬಿಸಿಲಲ್ಲಿ ನಿಂತವರ ಮುಖಗಳ ಎದುರಿನಿಂದ "ಅಲ್ಲ, ನಿನ್ನೆಯೇ ಹೇಳಿದ್ದೆನಲ್ಲ" ಎನ್ನುತ್ತಾ ಹಾದುಹೋದರು. ಮಣ್ಣಿನಲ್ಲಿ ರಕ್ತದ ಕಲೆ ಇದ್ದ ಕಡೆ ಚಪ್ಪಲಿ ಇಟ್ಟರು.

ನಾನು ನಿಂತುಬಿಟ್ಟೆ. ಅವರು ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದರು.

"ಫೋನ್ ಮಾತಾಡಿ ಮುಗಿಸಿ ಸರ್" ಎಂದೆ. "ನಾವು ಕಾಯ್ತೇವೆ. ಕಾದು ನಮಗೆ ಅಭ್ಯಾಸ ಉಂಟು."

ಸರ್ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ದಾನಿಗಳು ಫೋನಿಗೆ "ಆಮೇಲೆ ಮಾಡ್ತೇನೆ" ಎಂದು ಹೇಳಿ ಕಿಸೆಗೆ ಹಾಕಿಕೊಂಡರು. ಬೈಯುತ್ತಾರೆಂದು ನಾನು ಹಲ್ಲು ಕಚ್ಚಿ ನಿಂತಿದ್ದರೆ, ಆ ಮನುಷ್ಯ ನಕ್ಕರು! "ಒಳ್ಳೆ ಜೋರುಂಟು ಮಾರಾಯ್ರೆ ನಿಮ್ಮ ಹುಡುಗಿ" ಎಂದು ಸರ್ ಕಡೆ ತಿರುಗಿ ಹೇಳಿ ಉಳಿದ ಸಾಲನ್ನು ನೋಡಿ ಮುಗಿಸಿದರು. ಆಮೇಲೆ ವೇದಿಕೆಯಲ್ಲಿ ಶಿಸ್ತು ಮತ್ತು ಸಮಯಪಾಲನೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವರು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹವಾಲ್ದಾರರ ಸನ್ಮಾನದ ಸರದಿ ಬಂದಾಗ ಕುರ್ಚಿ ಖಾಲಿ. ನಿರೂಪಕಿ ಅವರ ಪರಿಚಯ ಪತ್ರವನ್ನು ಪೂರ್ತಿ ಓದಿದಳು, ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ಸರ್ ಶಾಲು ಮತ್ತು ಹಣ್ಣಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ನಿನಗೆ ಮನೆ ಗೊತ್ತುಂಟಲ್ಲ, ತಲುಪಿಸಿಬಿಡು." ಅದೇ ಉಸಿರಿನಲ್ಲಿ, ನಾಳೆಯಿಂದ ನಾನು ಕಮಾಂಡರ್ ಅಲ್ಲ ಎಂದೂ ಹೇಳಿದರು.

ಮುಂದಿನ ಭಾನುವಾರ ಒಬ್ಬಳೇ ನೆರಿಯಕ್ಕೆ ಹೋದೆ. ಗೆಳತಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಗಲ್ಲಕ್ಕೆ ನಾಲ್ಕು ಹೊಲಿಗೆ ಬಿದ್ದದ್ದಕ್ಕಲ್ಲ. ನಾನು ಕ್ಯಾಂಟೀನಿನಲ್ಲಿ ಫೋನಿನ ಕಥೆಯನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಆ ಕಥೆಯಲ್ಲಿ ಅವಳು ಬರೀ "ಒಬ್ಬಳು ಬಿದ್ದಳು" ಆಗಿದ್ದಳು. ಅದು ಅವಳ ಕಿವಿಗೆ ಬಿದ್ದಿತ್ತು.

ಅಜ್ಜನಿಗೂ ಅದೇ ಕಥೆ ಹೇಳಿದೆ. ಹೊಗಳುತ್ತಾರೆ ಎಂದುಕೊಂಡಿದ್ದೆ. ಅವರು ಹಣ್ಣಿನ ಬುಟ್ಟಿಯಿಂದ ಕೊಳೆತ ಸೇಬುಗಳನ್ನು ಆರಿಸಿ ಬದಿಗಿಡುತ್ತಾ ಕೇಳಿದರು.

"ಫೋನಿನ ಮಾತು ಸರಿ. ಹೇಳಬೇಕಾದದ್ದೇ. ಆದರೆ ಆ ಹುಡುಗಿಯನ್ನು ಕೂರಿಸಲಿಕ್ಕೆ ನಿನಗೆ ಯಾರ ಅಪ್ಪಣೆ ಬೇಕಿತ್ತು? ಕಮಾಂಡರ್ ನೀನೇ ಅಲ್ವಾ?"

ಅಜ್ಜಿ ಶಾಲು ಬಿಚ್ಚಿ ಬೆಳಕಿಗೆ ಹಿಡಿದು, "ಇದು ಹೊದೆಯಲಿಕ್ಕೂ ಇಲ್ಲ, ಹಾಸಲಿಕ್ಕೂ ಇಲ್ಲ" ಎಂದರು. ಅಜ್ಜನ ಕೋಟು ಹಗ್ಗದ ಮೇಲೆ ಒಣಗುತ್ತಿತ್ತು. ತೋಳಿನ ರಕ್ತದ ಕಲೆ ಎರಡು ಸಲ ಒಗೆದರೂ ಹೋಗಿರಲಿಲ್ಲವಂತೆ. ನಾನು ಊಟ ಮಾಡಿ ಹೊರಟೆ. ದಾರಿಯುದ್ದಕ್ಕೂ ಆ ಅಜ್ಜನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಬೆಳ್ತಂಗಡಿ ಬಂದರೂ ಅದು ಆಗಲಿಲ್ಲ. ಮಾರನೇ ದಿನ ಗೆಳತಿಯ ಎದುರು ನಿಂತು ಅವಳು ತಿಂಡಿ ತಿಂದಿಲ್ಲವೆಂದು ನನಗೆ ಗೊತ್ತಿತ್ತು ಎಂದು ಹೇಳಿದೆ. "ನನಗೂ ಗೊತ್ತುಂಟು ನಿನಗೆ ಗೊತ್ತಿತ್ತು ಅಂತ" ಎಂದಳು. ಮತ್ತೆ ಮಾತು ಶುರುವಾಗಲು ಎರಡು ವಾರ ಹಿಡಿಯಿತು.

ಓದು ಮುಗಿದ ಮೇಲೆ ಸೇನೆಯ ಅಧಿಕಾರಿ ಆಯ್ಕೆಯ ಐದು ದಿನಗಳ ಸಂದರ್ಶನಕ್ಕೆ ಎರಡು ಸಲ ಹೋದೆ, ಎರಡು ಸಲವೂ ಕೊನೆಯ ದಿನ ವಾಪಸು ಕಳಿಸಿದರು. ಈಗ ಬಂಟ್ವಾಳದ ಕಡೆ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಾನು ಉದ್ದ ಇರುವುದರಿಂದಲೋ ಏನೋ, ಶಾಲೆಯ ಕೆಡೆಟ್ ಮಕ್ಕಳ ಜವಾಬ್ದಾರಿಯೂ ನನ್ನ ತಲೆಗೇ ಬಿದ್ದಿದೆ. ಫೋನುಗಳು ಈಗಲೂ ಬರುತ್ತವೆ. "ಇಪ್ಪತ್ತು ಮಕ್ಕಳು ಬೇಕು ಟೀಚರ್, ಯೂನಿಫಾರ್ಮಿನಲ್ಲಿ." ಪೀಠೋಪಕರಣದ ಜಾಗಕ್ಕೆ ಮೊಬೈಲ್ ಅಂಗಡಿ ಬಂದಿದೆ, ಅಷ್ಟೇ. ನಾನು ಹೆಚ್ಚಿನವರಿಗೆ ಇಲ್ಲ ಎನ್ನುತ್ತೇನೆ. ಅವರು ಹೆಡ್‌ಮಾಸ್ತರರಿಗೆ ಫೋನ್ ಮಾಡುತ್ತಾರೆ. ಹೆಡ್‌ಮಾಸ್ತರರು ಆಯ್ತು ಎನ್ನುತ್ತಾರೆ.

ಕಳೆದ ತಿಂಗಳು ಬೆಳ್ತಂಗಡಿಯ ಒಂದು ಸಮಾರಂಭಕ್ಕೆ ಹಾಗೆಯೇ ಹೋಗಬೇಕಾಯಿತು. ಅತಿಥಿಗಳು ಹೇಳಿದ ಹೊತ್ತಿಗೆ ಬರಲಿಲ್ಲ. ಕಾಲು ಗಂಟೆ ನೋಡಿ ನಾನು ಮಕ್ಕಳನ್ನೆಲ್ಲ ಶಾಮಿಯಾನದ ನೆರಳಿನಲ್ಲಿ ಕೂರಿಸಿ, ಚೀಲದಿಂದ ಬಿಸ್ಕೆಟು ತೆಗೆದು ಹಂಚಿದೆ. ಆಯೋಜಕರು ಧಾವಿಸಿ ಬಂದರು.

"ಎಂತ ಟೀಚರ್ ಇದು? ಈಗ ಬಂದರೆ? ಮಕ್ಕಳು ನೆಲದಲ್ಲಿ ಕೂತು ತಿನ್ನುವುದು ನೋಡಿದರೆ ಅವರು ಎಂತ ಹೇಳಿಯಾರು?"

"ಅವರು ಬರಲಿ, ಎಬ್ಬಿಸ್ತೇನೆ. ಎದ್ದು ನಿಲ್ಲಲಿಕ್ಕೆ ಅರ್ಧ ನಿಮಿಷ ಸಾಕು ಇವರಿಗೆ."

"ಫೋಟೋದವರು ಕಾಯ್ತಾ ಇದ್ದಾರೆ..."

"ಅವರಿಗೂ ಬಿಸ್ಕೆಟು ಉಂಟು."

ಅವರು ಗೊಣಗುತ್ತಾ ಹೋದರು. ಎಂಟನೇ ತರಗತಿಯ ಒಬ್ಬಳು ಕೇಳಿದಳು, "ಟೀಚರ್, ಅವರು ಬಾರದೇ ಹೋದರೆ?"

"ಮನೆಗೆ ಹೋಗುವ" ಎಂದೆ.

ಒಂದೂವರೆ ಗಂಟೆ ಕಳೆದ ಮೇಲೆ, ಅತಿಥಿಗಳಿಗೆ ಬೇರೆ ತುರ್ತು ಕೆಲಸ ಬಂದಿದೆ ಎಂದು ಮೈಕಿನಲ್ಲಿ ಹೇಳಿದರು. ಮಕ್ಕಳು ಖುಷಿಯಿಂದ ಕೂಗಿಕೊಂಡರು. ನಾನು ಎಣಿಸಿ ಎಣಿಸಿ ಬಸ್ಸು ಹತ್ತಿಸಿದೆ. ಬಸ್ಸು ಹೊರಡುವ ಮುಂಚೆಯೇ ಹೆಡ್‌ಮಾಸ್ತರರ ಫೋನು ಬಂತು. ಅತ್ತಲಿಂದ ದೂರು ಹೋಗಿತ್ತು. "ನಾಳೆ ಬಂದು ಮಾತಾಡ್ತೇನೆ ಸರ್" ಎಂದು ಹೇಳಿ ಫೋನು ಇಟ್ಟೆ. ಹಿಂದಿನ ಸೀಟಿನಲ್ಲಿ ಮಕ್ಕಳು ಬೂಟು ಬಿಚ್ಚಿ ಕಾಲು ಚಾಚಿ ಕೂತಿದ್ದರು.