ಸೀರೆ ಕುಚ್ಚಿನ ಉದ್ದೇಶಕ್ಕೆ ಮಾತ್ರ

ಕಾವೇರಿ ನೀರು ಬರುವ ದಿನ ಸಂಪಿನ ತೊಟ್ಟಿಗೆ ನೀರು ಬೀಳುವ ಸದ್ದೇ ನನಗೆ ಅಲಾರಂ. ಆ ಮಂಗಳವಾರವೂ ಹಾಗೇ ಎದ್ದೆ, ಡಿಕಾಕ್ಷನ್‌ಗೆ ನೀರು ಕಾಯಿಸಿದೆ, ಬಾಗಿಲಿಗೆ ನೀರು ಚಿಮುಕಿಸಿ ನಾಲ್ಕೆಳೆ ರಂಗೋಲಿ ಎಳೆದೆ. ಮೋಟರ್ ಹಾಕಿ, ಆರಿಸಲು ಮರೆಯಬಾರದೆಂದು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡು, ದೋಸೆ ಹಂಚನ್ನು ಒಲೆಯ ಮೇಲಿಟ್ಟೆ. ಎರಡನೆಯ ದೋಸೆ ಬೇಯುತ್ತಿದ್ದಾಗ ಫೋನ್ ಟಿಂಗ್ ಎಂದಿತು. ಇಟ್ಟಮಡುವಿನ ಗೀತಾ, ಸೀರೆಗಳಿಗೆ ನನ್ನ ಕೈಯಲ್ಲಿ ಕುಚ್ಚು ಹಾಕಿಸಿಕೊಳ್ಳುವವಳು. "ಅಕ್ಕಾ, ತಪ್ಪಿ ನಿಮ್ಮ ನಂಬರ್‌ಗೆ ಆರಂಕಿ ಕೋಡ್ ಒಂದು ಬಂದಿರುತ್ತೆ. ಸ್ವಲ್ಪ ಕಳಿಸ್ತೀರಾ ಪ್ಲೀಸ್?"

ಕಳಿಸಿದೆ. ದೋಸೆ ಮಗುಚುವ ಮೊದಲೇ ಕಳಿಸಿದೆ. "ಪರವಾಗಿಲ್ಲಮ್ಮ" ಎಂದು ಇನ್ನೊಂದು ಸಾಲನ್ನೂ ಸೇರಿಸಿದೆ.

ಕೇಳಿದವಳು ಗೀತಾ ಆಗಿರಲಿಲ್ಲ. ಅವಳ ವಾಟ್ಸಾಪನ್ನು ಹಿಂದಿನ ದಿನವೇ ಯಾರೋ ಲಪಟಾಯಿಸಿ, ಅವಳ ಹೆಸರು, ಅವಳ ಫೋಟೊ ಸಮೇತ ಕುಳಿತಿದ್ದರು. ನನ್ನ ಆರಂಕಿ ಸಿಕ್ಕಿದ್ದೇ ತಡ, ಮೂರನೆಯ ದೋಸೆಯ ಹೊತ್ತಿಗೆ ಅವರು ನಾನಾಗಿಬಿಟ್ಟರು. ನನ್ನ ವಾಟ್ಸಾಪಿನಿಂದ ನನ್ನನ್ನೇ ಹೊರಗೆ ಹಾಕಿ, ನಾನಿದ್ದ ಗುಂಪುಗಳಲ್ಲಿರುವವರಿಗೆಲ್ಲ ನನ್ನ ಹೆಸರಿನಲ್ಲಿ ಬರೆಯತೊಡಗಿದರು: "ಅರ್ಜೆಂಟಾಗಿ ಒಂದು ಸಹಾಯ ಬೇಕಿತ್ತು. ನಿಮಗೆ ಬಂದಿರುವ ಕೋಡ್ ಕಳಿಸಿ."

ನನ್ನ ದಡ್ಡತನವೇ ಇದಕ್ಕೆಲ್ಲ ಕಾರಣ ಎಂಬುದು ನಮ್ಮ ಯಜಮಾನರ ಅಭಿಪ್ರಾಯ. ನಾನಾದರೋ ಕಾನ್ವೆಂಟಿನ ಸಿಸ್ಟರುಗಳ ಕಡೆಗೆ ಬೆರಳು ತೋರಿಸುತ್ತೇನೆ. ಯಾರಾದರೂ ಏನಾದರೂ ಕೇಳಿದರೆ ಎದ್ದು ನಿಲ್ಲಬೇಕು, ಪೂರ್ತಿ ವಾಕ್ಯದಲ್ಲಿ ಉತ್ತರಿಸಬೇಕು, ಕೊನೆಗೊಂದು ಥ್ಯಾಂಕ್ಯೂ ಹೇಳಬೇಕು. ಹತ್ತು ವರ್ಷ ಹೀಗೆ ತಿದ್ದಿಸಿಕೊಂಡ ನಾಲಗೆ ಇದು. ಈಗಲೂ ಬ್ಯಾಂಕಿನಿಂದ ಎಂದು ಫೋನ್ ಬಂದರೆ ಕುರ್ಚಿಯಿಂದ ಏಳುತ್ತೇನೆ. ಸಾಲ ಬೇಕೇ ಎಂದು ಕೇಳುವ ಹುಡುಗಿಗೆ "ಬೇಡಮ್ಮ, ಕೇಳಿದ್ದಕ್ಕೆ ಥ್ಯಾಂಕ್ಸ್" ಎನ್ನುತ್ತೇನೆ. ಕಾಲ ತಿರುವುಮುರುವಾಗಿದೆ, ಈಗ ಕೇಳಿದವರಿಗೆ ಉತ್ತರ ಕೊಡದವರೇ ಜಾಣರು. ಐವತ್ತೈದು ದಾಟಿದ ಮೇಲೆ ಒರಟುತನ ಕಲಿಯಲು ಕೂರುವುದು ಎಷ್ಟು ಆಯಾಸದ ಕೆಲಸ ಎಂಬುದನ್ನು ನಮ್ಮ ಸಿಸ್ಟರುಗಳಿಗೆ ಹೇಳಬೇಕೆನಿಸುತ್ತದೆ.

ನಿವೃತ್ತರಾದ ಮೇಲೆ ಮೊಬೈಲ್ ಶಾಸ್ತ್ರದಲ್ಲಿ ಪಂಡಿತರಾಗಿರುವ ಯಜಮಾನರು, ದೋಸೆ ಆರುತ್ತಿದ್ದರೂ ಲೆಕ್ಕಿಸದೆ ಕುಳಿತು ಹೊಸ ಕೋಡ್ ತರಿಸಿಕೊಂಡು ಕಳ್ಳನನ್ನು ಹೊರಗೆ ಹಾಕಿದರು. ಆದರೆ ನನಗೂ ಒಳಗೆ ಹೋಗಲಾಗಲಿಲ್ಲ. ನಾನೇ ಹಾಕಿಕೊಳ್ಳಬೇಕಿದ್ದ ಎರಡನೆಯ ಪಿನ್ ಒಂದಿತ್ತಂತೆ. ಹಾಕಿಕೋ ಎಂದು ಇವರು ಎರಡು ವರ್ಷದಿಂದ ಹೇಳುತ್ತಿದ್ದದ್ದು. ಕಳ್ಳ ಎರಡು ನಿಮಿಷದಲ್ಲಿ ಹಾಕಿಕೊಂಡಿದ್ದ. ಆ ಪಿನ್ ಗೊತ್ತಿಲ್ಲದವರು ಏಳು ದಿನ ಕಾಯಬೇಕು. ಏಳು ದಿನ ಆ ಹೆಸರಿನಲ್ಲಿ ಅವನೂ ಇಲ್ಲ, ನಾನೂ ಇಲ್ಲ.

ನಗಬೇಡಿ. ನನಗೆ ಅಂಗಡಿಯಿಲ್ಲ, ಬೋರ್ಡಿಲ್ಲ. ಜಯನಗರದ ಈ ಮನೆಯ ಕಿಟಕಿ ಪಕ್ಕದ ಮಂಚ, ನೂಲಿನ ಡಬ್ಬಿಗಳು, ಒಂದು ನಂಬರ್, ಇಷ್ಟೇ ನನ್ನ ವ್ಯಾಪಾರ. ಹೆಂಗಸರು ರೇಷ್ಮೆ ಸೀರೆಗಳನ್ನು ರಸೀದಿಯೂ ಇಲ್ಲದೆ ಬಿಟ್ಟುಹೋಗುವುದು ಆ ನಂಬರಿನ ಹಿಂದಿರುವ ಹೆಸರನ್ನು ನಂಬಿ. ಆ ಹೆಸರೇ ಕೆಟ್ಟರೆ? ಮಂಚದ ಮೇಲೆ ಆವತ್ತು ವಸಂತಪುರದ ರತ್ನಮ್ಮನವರ ಆರು ಸೀರೆಗಳಿದ್ದವು. ಅವುಗಳಲ್ಲೊಂದು ಅವರ ಮಗಳ ಧಾರೆ ಸೀರೆ.

ಹಿಂದೆಲ್ಲ ಈ ಗುರುತಿನ ವಿಷಯ ಎಷ್ಟು ಸಲೀಸಾಗಿತ್ತು! ಸ್ಟೀಲ್ ಪಾತ್ರೆ ಕೊಂಡರೆ ಅಂಗಡಿಯವರೇ ಕರ್ರ್ ಎಂದು ಹೆಸರು ಕೊರೆದುಕೊಡುತ್ತಿದ್ದರು. ನಮ್ಮ ಅತ್ತೆಯ ಪಾಯಸದ ಪಾತ್ರೆ ಯಾರದೋ ಮನೆಯ ನಾಮಕರಣಕ್ಕೆ ಹೋಗಿ, ಅಲ್ಲಿಂದ ಇನ್ಯಾರದೋ ಮನೆಯ ಗೃಹಪ್ರವೇಶಕ್ಕೆ ಹೋಗಿ, ನಾಲ್ಕು ವರ್ಷದ ಮೇಲೆ ತನ್ನ ಹೆಸರು ಹೇಳಿಕೊಂಡು ತಾನಾಗಿ ಮನೆಗೆ ಬಂತು. ಪಾತ್ರೆಗಿದ್ದ ಆ ಭದ್ರತೆ ನನಗಿಲ್ಲ.

ನನಗಿರುವುದು ಪ್ರಶ್ನೆಗಳು. ಪಾಸ್‌ವರ್ಡ್ ಮರೆತರೆ ಬೇಕಾಗುತ್ತದೆಂದು ಬ್ಯಾಂಕಿನವರು ಒಮ್ಮೆ ಗುಟ್ಟಿನ ಪ್ರಶ್ನೆಗಳನ್ನು ಕೇಳಿದ್ದರು. ನಿಮ್ಮ ಬಾಲ್ಯದ ಗೆಳತಿ ಯಾರು? ನಿಮ್ಮ ಮೆಚ್ಚಿನ ತಿಂಡಿ ಯಾವುದು? ಇಂಥ ಅಕ್ಕರೆಯ ಪ್ರಶ್ನೆಗಳನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಗಿತ್ತು ಎಂದು ಕಣ್ಣು ಮಂಜಾಯಿತು. ಯಜಮಾನರ ಮೆಚ್ಚಿನ ತಿಂಡಿ, ಮಗಳ ಮೆಚ್ಚಿನ ತಿಂಡಿಯನ್ನು ಥಟ್ಟನೆ ಹೇಳಬಲ್ಲೆ. ನನ್ನದು? ಬಹಳ ಯೋಚಿಸಿ ಏನೋ ಬರೆದೆ. ಆರು ತಿಂಗಳ ನಂತರ ಬ್ಯಾಂಕು ಅದನ್ನೇ ಕೇಳಿದಾಗ ರವೆ ಉಂಡೆ ಎಂದೆ, ತಪ್ಪು. ಹುಗ್ಗಿ ಎಂದೆ, ತಪ್ಪು. ಮೂರನೆಯ ಸಲಕ್ಕೆ ಖಾತೆಗೇ ಬೀಗ ಬಿತ್ತು. ನನ್ನ ವಿಷಯದ ಪರೀಕ್ಷೆಯಲ್ಲಿ ನಾನೇ ಫೇಲು.

ಆ ದಿನ ಪೂರ್ತಿ ಅಂಥದೇ ಪರೀಕ್ಷೆ. ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಆ ಮೆಸೇಜು ನನ್ನದಲ್ಲ, ಈಗ ಮಾತಾಡುತ್ತಿರುವವಳು ಮಾತ್ರ ನಾನು ಎಂದು ಹೇಳುವಷ್ಟರಲ್ಲಿ ಗಂಟಲು ಒಣಗಿತು. ಬನಶಂಕರಿಯ ಮೇಷ್ಟ್ರಮ್ಮ ಒಬ್ಬರು, "ಹಾಗಾದ್ರೆ ನನ್ನ ರಾಮಾ ಹಸಿರು ಸೀರೆಗೆ ಯಾವ ಬಣ್ಣದ ಕುಚ್ಚು ಹಾಕಿದ್ರಿ, ಹೇಳಿ ನೋಡೋಣ" ಎಂದರು. "ಈರುಳ್ಳಿ ಬಣ್ಣ, ಮಧ್ಯೆ ಚಿನ್ನದ ಮಣಿ. ನೀವು ಬೇಡ ಅಂದ್ರಿ, ಆಮೇಲೆ ಒಪ್ಕೊಂಡ್ರಿ" ಎಂದೆ. ಪಾಸು.

ರತ್ನಮ್ಮನವರು ಫೋನಿಗೆ ಸಿಗಲಿಲ್ಲ. ಮೂರು ಗಂಟೆಗೆ ಆಟೋದಲ್ಲಿ ಅವರೇ ಬಂದಿಳಿದರು. ಚಪ್ಪಲಿ ಬಿಡುತ್ತಲೇ, "ಏನ್ ಮೇಡಂ, ನೀವು ನೀವೇ ತಾನೆ?" ಎಂದರು. ನಗುತ್ತಿದ್ದರು, ಆದರೆ ಕಣ್ಣು ಮಂಚದ ಮೇಲಿತ್ತು. ಸೀರೆಗಳನ್ನು ಎಣಿಸಿದರು. ಧಾರೆ ಸೀರೆಯ ಮಡಿಕೆ ಬಿಚ್ಚಿ, ಅರ್ಧ ಕಟ್ಟಿದ್ದ ಕುಚ್ಚನ್ನು ಬೆರಳಿಂದ ಸವರಿದರು.

"ನಿಮ್ ಮೆಸೇಜ್ ನೋಡಿ ನಮ್ ಹುಡ್ಗ ಹೇಳ್ತಾನೆ, ಆಯಮ್ಮನೇ ಫ್ರಾಡು, ಹೋಗಿ ಸೀರೆ ಎತ್ಕೊಂಬಾ ಅಂತ. ನಂಗೇನೋ ನಂಬ್ಕೆ ಐತೆ. ಆದ್ರೆ ಧಾರೆ ಸೀರೆ ನೋಡಿ, ಮನ್ಸು ತಡೀತಿಲ್ಲ. ಒಂದ್ ಕೆಲ್ಸ ಮಾಡಿ, ಆಧಾರ್ ಜೆರಾಕ್ಸ್ ಒಂದು ಕೊಟ್ಬಿಡಿ. ನಮ್ಮನೆ ಬಾಡಿಗೆಯೋರ ಹತ್ರನೂ ಅದೇ ಇಸ್ಕೊಳ್ಳೋದು."

ನಾನು ಎದ್ದು ನಿಂತಿದ್ದೆ. ಒಳಗಿನಿಂದ ಯಜಮಾನರು ಕೂಗಿದರು: "ಕೊಡ್ಬೇಡ! ಬೆಳಗ್ಗೆ ತಾನೆ ಒಂದು ಕೊಟ್ಟು ಕೂತಿದೀಯ!"

ಕೊಡದಿದ್ದರೆ ಸೀರೆ ಹೋಗುತ್ತದೆ, ಸೀರೆಯ ಹಿಂದೆಯೇ ವಸಂತಪುರದ ಗಿರಾಕಿಗಳೆಲ್ಲ ಹೋಗುತ್ತಾರೆ. ಕಡೆಗೆ ರಾಜಿಯಾಯಿತು. ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಪ್ರತಿಯನ್ನು ಇವರು ಪ್ರಿಂಟ್ ತೆಗೆದರು. ಅದರ ಮೇಲೆ ಓರೆಯಾಗಿ ಎರಡು ಗೆರೆ ಎಳೆದು, ಏತಕ್ಕೆ ಕೊಟ್ಟಿದ್ದು ಎಂದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕಂತೆ. ಬರೆದೆ: 'ಸೀರೆ ಕುಚ್ಚಿನ ಉದ್ದೇಶಕ್ಕೆ ಮಾತ್ರ.'

ರತ್ನಮ್ಮ ಅದನ್ನು ಜೋರಾಗಿ ಓದಿದರು. "ಇನ್ಯಾತಕ್ಕೆ ಮೇಡಂ? ನಾನೇನ್ ಇದ್ನ ಇಟ್ಕೊಂಡು ನೀವಾಗ್ಬಿಡ್ತೀನಾ? ನಂಗೆ ನಮ್ಮನೇದೇ ಸಾಕಾಗೈತೆ!" ಎಂದು ಪರ್ಸಿನೊಳಗೆ ಮಡಿಚಿಟ್ಟು, ಮಜ್ಜಿಗೆ ಕುಡಿದು, ಆರೂ ಸೀರೆಗಳನ್ನು ಬಿಟ್ಟು ಹೊರಟರು. ಆಟೋ ತಿರುವು ದಾಟುವವರೆಗೂ ನಾನು ಗೇಟಿನಲ್ಲೇ ನಿಂತಿದ್ದೆ. ಗೆದ್ದ ಸಂತೋಷಕ್ಕಿಂತ ಕಾಲು ನೋವೇ ಹೆಚ್ಚಾಗಿತ್ತು.

ಸಂಜೆ ಒಣಗಿದ ಬಟ್ಟೆ ತೆಗೆಯಲು ಮಹಡಿಗೆ ಹೋದೆ. ಪಕ್ಕದ ಮನೆಯ ಸರೋಜಮ್ಮನವರೂ ಅವರ ಮಹಡಿಯಲ್ಲಿ ಬಟ್ಟೆ ಎಳೆಯುತ್ತಿದ್ದರು. ನಮ್ಮ ರಸ್ತೆಯ ಗುಂಪಿನಲ್ಲಿ ಅವರೂ ಇದ್ದಾರೆಂಬುದು ಆಗ ನೆನಪಾಯಿತು. ನನ್ನ ಹೆಸರಿನಲ್ಲಿ ಏನಾದರೂ ಬಂದಿತ್ತೇ ಎಂದು ಕೇಳಿದೆ.

"ಹ್ಞೂಂ, ಬಂದಿತ್ತು ರೀ. ಅಳಿಸಿ ಹಾಕ್ದೆ."

"ನಾನಲ್ಲ ಅಂತ ಹೇಗೆ ಗೊತ್ತಾಯ್ತು?"

ಅವರು ಬಟ್ಟೆ ಕ್ಲಿಪ್ಪನ್ನು ಬಾಯಿಂದ ತೆಗೆದರು. "ಸಹಾಯ ಬೇಕಿತ್ತು ಅಂತ ಇತ್ತಲ್ರೀ. ಇಪ್ಪತ್ತು ವರ್ಷದಿಂದ ಪಕ್ಕದಲ್ಲಿದೀನಿ, ನಂಗೆ ಇಂಥದ್ದು ಬೇಕು ಅಂತ ಒಂದಿನ ಬಾಯಿಬಿಟ್ಟಿದೀರಾ ನೀವು?"