ಕುಬ್ಜ ಗ್ಯಾಲಕ್ಸಿಗಳ ಅಂಕಲ್

ಅಮೆರಿಕದ ಪ್ಲೇನ್ಸ್‌ಬರೋದಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಕುಬ್ಜ ಗ್ಯಾಲಕ್ಸಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದರು. ಅವುಗಳಲ್ಲಿ ಅನಿಲ ಹೇರಳ, ಅದರಿಂದ ಹುಟ್ಟಿದ ನಕ್ಷತ್ರಗಳು ಕಡಿಮೆ. ಗ್ಯಾಲಕ್ಸಿಗಳು ಹೇಗೆ ರೂಪುಗೊಂಡವೆಂದು ತಿಳಿಯಲು ಇಂಥ ಸೋಮಾರಿಗಳನ್ನೇ ನೋಡಬೇಕಂತೆ.

“ಎಲ್ಲ ಇದೆ, ಶುರುವಾಗಬೇಕಷ್ಟೆ,” ಎಂದು ಗಡ್ಡ ಸವರಿಕೊಳ್ಳುತ್ತಿದ್ದರು. ಥೀಸಿಸ್ ಬಗ್ಗೆ ಕೇಳಿದರೂ ಅದೇ ಉತ್ತರ. ಹೇಳಿದಾಗಲೆಲ್ಲ ನಾನು ಡೈರಿಯಲ್ಲೊಂದು ಗೀಟು ಹಾಕುತ್ತಿದ್ದೆ.

೧೯೮೯ರ ಯುಗಾದಿಗೆ ಬಿಸಿಬೇಳೆಬಾತ್ ತರುತ್ತೇನೆಂದವರು ಅಕ್ಕಿ, ಬೇಳೆ, ಹುಣಸೆಹಣ್ಣು ಹಿಡಿದು ಬಂದರು. ಹಸಿದು ಕಾದಿದ್ದ ನಮಗೆ ಹೇಳಿದ್ದೂ ಅದೇ ಮಾತು.

“ರೀ, ಜೂನೊಳಗೆ ಥೀಸಿಸ್ ಸಬ್ಮಿಟ್ ಮಾಡದಿದ್ರೆ ನಮ್ಮ ವೀಸಾ ಮುಗೀತು. ನಿಮ್ಮ ಗ್ಯಾಲಕ್ಸಿಗಳಿಗೆ ವೀಸಾ ಬೇಕಿಲ್ಲ,” ಎಂದರು ಆಂಟಿ.

ಜೂನ್ ಕೊನೆಗೆ ಇಬ್ಬರನ್ನೂ ಏರ್‌ಪೋರ್ಟಿಗೆ ಕರೆದೊಯ್ದೆವು. ಬರೆಯದೇ ಉಳಿದ ಥೀಸಿಸ್‌ನ ಟಿಪ್ಪಣಿ ತುಂಬಿದ್ದ ಸೂಟ್‌ಕೇಸ್ ಭಾರವಾಗಿತ್ತು. ಒಳಗೇನಿದೆ ಎಂದು ಕೌಂಟರಿನವಳು ಕೇಳಿದಳು.

ಈ ಸಲ ಆಂಟಿಯೇ ಉತ್ತರಿಸಿದರು: “ಎವ್ರಿಥಿಂಗ್.”