ಬಿಚ್ಚಿಟ್ಟ ರಿಮೋಟ್

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರು, ನನ್ನ ಕಾರು ತನ್ನಷ್ಟಕ್ಕೆ ತಾನೇ ಅರಚಿಕೊಳ್ಳಲು ಶುರು ಮಾಡಿತು. ಅದಾಗಿ ಮೂರು ವರ್ಷವಾದರೂ ಗಂಟೆ ಮರೆತಿಲ್ಲ. ಆ ದಿನವನ್ನು ನೆನೆದಾಗಲೆಲ್ಲ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಆಗಲೇ ಮನೆಗೆ ತಿರುಗಿಬಿಟ್ಟಿದ್ದರೆ?

ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆಗಳನ್ನು ನಾನು ನಂಬಿದವಳಲ್ಲ. ಬಿ.ಎಸ್ಸಿ. ಓದಿ ಚಾಮರಾಜನಗರದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಯಾರಾದರೂ ದೆವ್ವ, ದೇವರ ಮಹಿಮೆ ಎಂದರೆ ಎದ್ದು ಹೋಗುತ್ತಿದ್ದೆ, ಇಲ್ಲವೇ ವಾದಕ್ಕೆ ಕೂರುತ್ತಿದ್ದೆ. ಇದನ್ನು ಓದುವವರು ನನ್ನೊಡನೆ ವಾದಕ್ಕೆ ಕೂತರೆ ನನಗೆ ಬೇಸರವಿಲ್ಲ.

ಕಾರಿನ ರಿಮೋಟ್ ಕೆಟ್ಟು ಮೂರು ದಿನವಾಗಿತ್ತು. ಬಟನ್ ಒತ್ತಿದರೆ ಒಮ್ಮೆ ಕೆಲಸ ಮಾಡುತ್ತಿತ್ತು, ನಾಲ್ಕು ಸಲ ಇಲ್ಲ. ಹೊಸ ಸೆಲ್ ಹಾಕಿ ನೋಡಿದೆ, ಪ್ರಯೋಜನವಾಗಲಿಲ್ಲ. ಆವತ್ತು ಹಂಗಳದಲ್ಲಿರುವ ಅಣ್ಣನ ಮನೆಗೆ ಮಗಳೊಂದಿಗೆ ಹೊರಟಿದ್ದೆ. ಚಿನ್ನಿಗೆ ಆಗ ನಾಲ್ಕು ವರ್ಷ. ಗುಂಡ್ಲುಪೇಟೆಯಲ್ಲಿ ಬಾಳೆಹಣ್ಣು ಕೊಳ್ಳಲು ನಿಲ್ಲಿಸಿದಾಗ ಸೈರನ್ ಹೊಡೆದುಕೊಳ್ಳತೊಡಗಿತು. ಜನ ತಿರುಗಿ ನೋಡಿದರು. ಅಲ್ಲೇ ಪಕ್ಕದಲ್ಲಿ ಬೀಗದ ಕೈ ಮಾಡುವ, ಮೊಬೈಲ್ ರಿಪೇರಿಯ ಸಣ್ಣ ಅಂಗಡಿ ಇತ್ತು. ಅಂಗಡಿಯ ಕುಮಾರಣ್ಣ ನಮ್ಮಣ್ಣನಿಗೆ ಪರಿಚಯದವನು.

ಅವನು ರಿಮೋಟಿನ ಸಂದಿಗೆ ಬ್ಲೇಡ್ ತೂರಿಸಿ ಬಿಚ್ಚಿದ. ಭೂತಗನ್ನಡಿ ಹಿಡಿದು ನೋಡಿ ನಕ್ಕ.

"ಏನಕ್ಕ ಇದು? ಆಯುಧಪೂಜೇಲಿ ಇದ್ಕೂ ಅಭಿಷೇಕ ಮಾಡ್ಬುಟ್ರಾ? ಕುಂಕುಮ ಇಡಿ ಅಂದ್ರೆ ಕುಡ್ಸಿದ್ದೀರಲ್ಲ!"

ನಿಜವೇ. ಹಬ್ಬದ ದಿನ ನಮ್ಮತ್ತೆ ಮನೆಯ ಕೀಗಳನ್ನೆಲ್ಲ ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಮೇಲೆ ಧಾರಾಳವಾಗಿ ತೀರ್ಥ ಹಾಕಿದ್ದರು. ಬಟನ್ನಿನ ಕೆಳಗೆ ಕೆಂಪು ಕೆಸರು ಕೂತಿತ್ತು, ಒಳಗಿನ ಸರ್ಕ್ಯೂಟ್ ಹಲಗೆಯ ಮೇಲೆ ಹಸಿರು ಕಿಲುಬು. ಲಾಕ್ ಮಾಡುವ ಬಟನ್ನಿನ ಒಂದು ಕಾಲು ಬಿಟ್ಟುಕೊಂಡಿತ್ತು. ಕುಮಾರಣ್ಣ ಆ ಬಟನ್ನನ್ನು ಕಿತ್ತೇ ತೆಗೆದ. ಸೆಲ್ಲನ್ನು ಬೇರೆ ಮುಚ್ಚಳದಲ್ಲಿಟ್ಟ. ಹಲಗೆಯನ್ನು ಬ್ರಶ್ಶಿನಿಂದ ತಿಕ್ಕಿ, ಒಣಗಬೇಕು, ನಾಳೆ ಬೆಸುಗೆ ಹಾಕಿ ಕೊಡುತ್ತೇನೆ ಎಂದ. ನನ್ನ ಹತ್ತಿರ ಇನ್ನೊಂದು ಕೀ ಇತ್ತು, ರಿಮೋಟ್ ಇಲ್ಲದ ಬರೀ ಕಬ್ಬಿಣದ್ದು. ಅದನ್ನೇ ಹಾಕಿಕೊಂಡು ಹೊರಟೆ. ಬಿಚ್ಚಿದ ರಿಮೋಟ್ ಅವನ ಮೇಜಿನ ಮೇಲೆ ಉಳಿಯಿತು. ಇದನ್ನು ದಯವಿಟ್ಟು ನೆನಪಿಡಿ.

ಅಣ್ಣನ ಮನೆಯಲ್ಲಿ ಕಾಫಿ ಕುಡಿದು ಹಿಂತಿರುಗುವಾಗ, ಅಣ್ಣನ ಹೊಲ ನೋಡಿಕೊಳ್ಳುವ ಮಾದಣ್ಣ ಎಲೆಕೋಸು ಕಿತ್ತಿಟ್ಟಿದ್ದಾನೆ, ತೆಗೆದುಕೊಂಡು ಹೋಗು ಎಂದು ಅಣ್ಣ ಹೇಳಿದರು. ಹೊಲ ಕಾಡಿನ ಅಂಚಿಗಿದೆ. ಮಣ್ಣಿನ ದಾರಿಯಲ್ಲಿ ಕಾರು ನಿಲ್ಲಿಸಿದಾಗ ಡ್ಯಾಶ್‌ಬೋರ್ಡಿನ ಗಡಿಯಾರ ಐದು ಮುಕ್ಕಾಲು ತೋರಿಸುತ್ತಿತ್ತು. ಬಿಸಿಲು ಇನ್ನೂ ಮರದ ತುದಿಯಲ್ಲಿತ್ತು. ಚಿನ್ನಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಕೀಯನ್ನು ಸ್ಟೀರಿಂಗ್ ಪಕ್ಕದ ಅದರ ಜಾಗದಲ್ಲೇ ಬಿಟ್ಟು, ಬಾಗಿಲು ಮೆಲ್ಲಗೆ ಮುಚ್ಚಿ, ಮಾದಣ್ಣನ ಬಳಿಗೆ ಹೋದೆ. ನಲವತ್ತು ಹೆಜ್ಜೆ ಇರಬಹುದು. ಎರಡು ನಿಮಿಷದ ಕೆಲಸ.

ಚೀಲಕ್ಕೆ ಕೈ ಹಾಕಿದ್ದೆ. ಮಾದಣ್ಣ ನನ್ನ ತೋಳು ಹಿಡಿದ. ತಿರುಗಿದರೆ ಕಾರಿನ ಹಿಂದೆ ಆನೆ. ಒಂಟಿ ಸಲಗ. ಅಷ್ಟು ದೊಡ್ಡ ಪ್ರಾಣಿ ಒಂದು ಕಡ್ಡಿಯ ಸದ್ದೂ ಇಲ್ಲದೆ ಬಂದು ನಿಂತಿತ್ತು.

ನಾನು ಓಡಲು ನೋಡಿದೆ. ಅವನು ಬಿಡಲಿಲ್ಲ.

"ಅಳ್ಳಾಡ್ಬ್ಯಾಡ ಕಣವ್ವ. ನೀ ಓಡುದ್ರೆ ಅದು ನಿನ್ ಮೇಲ್ ಬತ್ತದೆ. ಮಗು ಒಳ್ಗದೆ, ಒಳ್ಗೇ ಇರ್ಲಿ. ಬಾಗ್ಲು ಬೀಗ ಆಕಿದ್ದೀಯ?"

ಹಾಕಿರಲಿಲ್ಲ.

ಅಷ್ಟರಲ್ಲಿ ಚಿನ್ನಿ ಎದ್ದಳು. ಗಾಜಿನ ಹಿಂದೆ ಅವಳ ಮುಖ ಕಾಣಿಸಿತು. ಅವಳಿಗೆ ನಾನು ಕಾಣುತ್ತಿದ್ದೆ, ಬೆನ್ನ ಹಿಂದಿನ ಆನೆ ಕಾಣುತ್ತಿರಲಿಲ್ಲ. ಬೇಡ ಎಂದು ಕೈ ಆಡಿಸಿದೆ. ನಾನು ಕರೆಯುತ್ತಿದ್ದೇನೆಂದು ತಿಳಿದು ಅವಳು ನಕ್ಕಳು. ಬಾಗಿಲು ತೆಗೆದು ಇಳಿಯುವುದನ್ನು ಅವಳಿಗೆ ಕಲಿಸಿದ್ದವಳು ನಾನೇ. ಅವಳ ಕೈ ಹಿಡಿಕೆಗೆ ಹೋದದ್ದನ್ನು ಕಂಡೆ. ಆನೆ ಹಿಂದಿನಿಂದ ಆ ಬಾಗಿಲಿನ ಪಕ್ಕಕ್ಕೇ ಬಂದಿತ್ತು.

ಆಗ 'ಟಕ್' ಎಂದಿತು. ನಾಲ್ಕೂ ಬಾಗಿಲುಗಳ ಬೀಗ ಒಟ್ಟಿಗೆ ಬೀಳುವ ಸದ್ದು. ಇಂಡಿಕೇಟರ್ ದೀಪಗಳು ಒಮ್ಮೆ ಹಳದಿಯಾಗಿ ಮಿನುಗಿದವು. ರಿಮೋಟ್ ಒತ್ತಿದಾಗ ಆಗುವುದು ಅದೇ.

ಬೀಗ ಬಿದ್ದರೆ ನಮ್ಮ ಕಾರಿನ ಒಳಗಿನ ಹಿಡಿಕೆ ಕೆಲಸ ಮಾಡುವುದಿಲ್ಲ. ಕಿಟಕಿಯ ಅಂಚಿನಲ್ಲಿರುವ ಬೀಗದ ಗುಬ್ಬಿಯನ್ನು ಮೇಲೆತ್ತಬೇಕು. ಅದು ಚಿನ್ನಿಗೆ ಗೊತ್ತಿರಲಿಲ್ಲ. ಎರಡು ಸಲ ಎಳೆದಳು, ಮೂರನೆಯ ಸಲ ಎರಡೂ ಕೈಯಲ್ಲಿ. ಅವಳ ಬಾಯಿ ತೆರೆದು ಅಳುವುದು ಕಾಣುತ್ತಿತ್ತು. ಆನೆ ಸೊಂಡಿಲನ್ನು ಕಾರಿನ ಮೇಲೆಲ್ಲ ಆಡಿಸಿತು, ಆ ಬಾಗಿಲಿನ ಗಾಜಿನ ಮೇಲೂ. ಚಿನ್ನಿ ಆಗ ನೋಡಿದಳು. ಸೀಟಿನ ಕೆಳಗೆ ಕುಸಿದಳು. ಕಾರು ಒಮ್ಮೆ ಒಂದು ಕಡೆಗೆ ವಾಲಿ ಮತ್ತೆ ನೆಟ್ಟಗಾಯಿತು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ, ಮಾದಣ್ಣ ಒಂದು ಬೀಡಿ ಸೇದುವಷ್ಟು ಎನ್ನುತ್ತಾನೆ. ಆಮೇಲೆ ಅದು ಮುಂದಿನ ಹೊಲಕ್ಕೆ ಇಳಿಯಿತು. ಅತ್ತ ಯಾರೋ ಅದನ್ನು ಓಡಿಸಲು ಪಟಾಕಿ ಹಚ್ಚಿದರು.

ಗಾಜು ಬಡಿದು ಕರೆದೆ. ಚಿನ್ನಿ ತಲೆ ಎತ್ತಲಿಲ್ಲ. ಮಾದಣ್ಣ ಮುಂದಿನ ಗಾಜನ್ನು ಕಲ್ಲಿನಿಂದ ಒಡೆದ. ಕೀ ಅದರ ಜಾಗದಲ್ಲೇ ಇತ್ತು. ಎತ್ತಿಕೊಂಡರೆ ಮಗುವಿನ ಬಟ್ಟೆ ಒದ್ದೆಯಾಗಿತ್ತು. ಅವಳು ಆಡಿದ್ದು ಒಂದೇ ಮಾತು.

"ಯಾಕಮ್ಮ ನನ್ನ ಒಳಗೆ ಹಾಕಿ ಲಾಕ್ ಮಾಡ್ದೆ?"

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲೇ ಹೋಗಿ ನಿಂತೆ. ಕುಮಾರಣ್ಣ ನನ್ನ ಕಣ್ಣೆದುರೇ ಶಟರ್ ಎತ್ತಿದ. ರಿಮೋಟ್ ಬಿಟ್ಟುಹೋದಂತೆಯೇ ಇತ್ತು. ಬಟನ್ ಒಂದು ಕಡೆ, ಸೆಲ್ ಒಂದು ಕಡೆ. ನಡೆದದ್ದನ್ನು ಹೇಳಿದೆ. ಅವನು ನಗಲು ಹೊರಟು, ಒಡೆದ ಗಾಜು ನೋಡಿ ಹಲಗೆಯನ್ನು ಕೈಗೆತ್ತಿಕೊಂಡ.

"ನಾ ಐದ್ ಗಂಟೆಗೇ ಮನೆಗೋದೆ ಕಣಕ್ಕ. ಇದ್ರಲ್ಲಿ ಜೀವನೇ ಇಲ್ಲ. ಇದ್ರೂ ಈ ರಸ್ತೆ ದಾಟಾಕಿಲ್ಲ ಇದ್ರ ಸಿಗ್ನಲ್ಲು. ಹಂಗಳ ಎಲ್ಲಿ, ಇದೆಲ್ಲಿ?"

ಹೊಸ ಬಟನ್ ಬೆಸೆದು, ಸೆಲ್ ಹಾಕಿ ಕೊಟ್ಟ. ಇಬ್ಬರೂ ಸೇರಿ ಪರೀಕ್ಷೆ ಮಾಡಿದೆವು. ಕೀ ಅದರ ಜಾಗದಲ್ಲಿದ್ದರೆ ಕಾರು ರಿಮೋಟಿನ ಮಾತು ಕೇಳುವುದೇ ಇಲ್ಲ. ಹತ್ತು ಸಲ ಒತ್ತಿದೆ, ಒಮ್ಮೆಯೂ ಬೀಗ ಬೀಳಲಿಲ್ಲ. ಬೀಗದ ವೈರುಗಳನ್ನು ಬೇರೆ ಮೆಕ್ಯಾನಿಕ್ ಬಿಚ್ಚಿ ನೋಡಿದ, ದೋಷ ಸಿಗಲಿಲ್ಲ. ಎಲ್ಲೋ ಒಂದು ವೈರು ಆ ಕ್ಷಣಕ್ಕೆ ತಾಗಿರಬೇಕು ಎಂದು ಈಗಲೂ ಹೇಳಿಕೊಳ್ಳುತ್ತೇನೆ. ತಾಗಿದ್ದರೆ ಆ ಕ್ಷಣಕ್ಕೇ ಏಕೆ ತಾಗಿತು ಎಂಬಲ್ಲಿಗೆ ನನ್ನ ಓದು ನಿಲ್ಲುತ್ತದೆ. ನಮ್ಮತ್ತೆ ಮಾತ್ರ, "ನಾ ಆಕಿದ್ ತೀರ್ಥ ಸುಮ್ಕೋಯ್ತದಾ?" ಎಂದರು. ನಾನು ವಾದಕ್ಕೆ ಕೂರಲಿಲ್ಲ, ಒಪ್ಪಲೂ ಇಲ್ಲ.

ಆಮೇಲಿನ ರಾತ್ರಿಗಳೇ ಕಷ್ಟ. ದೀಪ ಆರಿಸಿದ ಕೂಡಲೇ ಚಿನ್ನಿ ಕೇಳುತ್ತಿದ್ದಳು, ಯಾಕೆ ಲಾಕ್ ಮಾಡಿದೆ ಎಂದು. ನಾನಲ್ಲ ಮಗಳೇ ಎಂದರೆ, "ಮತ್ತೆ ಯಾರು?" ಎನ್ನುತ್ತಿದ್ದಳು. ಸುಳ್ಳು ಹೇಳಬಾರದೆಂದು ಬೆಳೆಸಿದ ಮಗು. ಗೊತ್ತಿಲ್ಲ ಎನ್ನುತ್ತಿದ್ದೆ. ಅಮ್ಮನಿಗೇ ಗೊತ್ತಿಲ್ಲದ ಯಾರೋ ಬಾಗಿಲು ಹಾಕುತ್ತಾರೆ ಎಂದ ಮೇಲೆ ಅವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಅವಳು ಬೆಚ್ಚಿ ಏಳುವಳು, ನಾನು ಎದ್ದೇ ಇರುವೆ. ಕಣ್ಣು ಮುಚ್ಚಿದರೆ ಹಿಡಿಕೆಯ ಮೇಲಿನ ಆ ಕೈ.

ಕಾರ್ತಿಕದ ಮೂರನೇ ಸೋಮವಾರ ಅವಳು ಮತ್ತೆ ಕೇಳಿದಳು. ನನಗೆ ಸಾಕಾಗಿತ್ತು.

"ಹೂಂ, ನಾನೇ," ಎಂದೆ. "ಆನೆ ಬಂದಿತ್ತಲ್ಲ, ನೀನು ಇಳೀಬಾರ್ದು ಅಂತ ನಾನೇ ಲಾಕ್ ಮಾಡ್ದೆ."

ಅವಳು ನನ್ನ ಕಡೆಗೆ ಹೊರಳಿದಳು. ಆಮೇಲೆ, "ಮೊದ್ಲೇ ಹೇಳೋಕೇನಾಗಿತ್ತು?" ಎಂದು ಗೊಣಗಿ, ನನ್ನ ತೋಳಿನ ಮೇಲೆ ತಲೆಯಿಟ್ಟಳು. ಉಸಿರು ನಿಧಾನವಾದದ್ದು ಕೇಳಿಸುತ್ತಿತ್ತು. ಯಾರು ಮಾಡಿದ್ದನ್ನು ನನ್ನದೆಂದು ಹೇಳಿಕೊಂಡೆನೋ ಎಂದು ಯೋಚಿಸುತ್ತಿದ್ದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಮಂಗಳವಾರ ಬೆಳಗಾಗಿತ್ತು.